ವಸಂತನರಸಾಪುರದ ಗುಂಡನಿಗೆ, ಬರೀ ನರಸಾಪುರದಿಂದ

ಲೋ ಗುಂಡ,

ವಾಟ್ಸಾಪ್‌ನಲ್ಲಿ ಕಳಿಸಿದರೆ ನೀನು ನೋಡಿ, ನೀಲಿ ಟಿಕ್ ಬೀಳಿಸಿ, ಮಗ್ಗುಲು ಬದಲಿಸಿ ಮಲಗುತ್ತೀಯ. ಅದಕ್ಕೇ ಇಲ್ಲಿ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಈಗ ತಪ್ಪಿಸಿಕೊಳ್ಳುವ ಹಾಗಿಲ್ಲ. ಯಾರಾದರೂ ಓದಿ "ನಿನಗೆ ಪತ್ರ ಬಂದಿದೆಯಲ್ಲೋ" ಅಂತ ನಿನ್ನ ಕಾಲರ್ ಹಿಡಿದೇ ಹಿಡಿಯುತ್ತಾರೆ. ಓದುತ್ತಿರುವ ಉಳಿದವರಿಗೂ ನಮಸ್ಕಾರ, ಕೂತ್ಕೊಳ್ಳಿ, ಕಾಫಿ ಮಾತ್ರ ಇಲ್ಲ. ಸ್ಟೂಲಿನ ವಿಷಯ ಎತ್ತುವುದಿಲ್ಲ, ಹೆದರಬೇಡ. ಹಸಿರು ಬ್ಯಾಗಿನ ಮೇಷ್ಟ್ರೂ ಈಗ ಸ್ಮಾರ್ಟ್‌ಫೋನ್ ಇಟ್ಟುಕೊಂಡಿದ್ದಾರೆ.

ಕೆಲಸಕ್ಕೆ ನಿನಗೆ ತುಮಕೂರಿನ ವಸಂತನರಸಾಪುರ ಸಿಕ್ಕಿತು, ನನಗೆ ಕೋಲಾರದ ಬರೀ ನರಸಾಪುರ. ಒಂದೇ ಡಿಪ್ಲೊಮಾ, ಒಂದೇ ಬೆಂಚು, ವಸಂತ ಮಾತ್ರ ನಿನ್ನ ಪಾಲಿಗೆ. ಅಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಫೋಟೊ ಕಳಿಸಿದ್ದೆಯಲ್ಲ, ಮರೆತಿಲ್ಲ. ಮೂರನೇ ಇಡ್ಲಿ ಯಾರದ್ದು ಅನ್ನೋದನ್ನೂ ಮರೆತಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಫ್ಯಾಕ್ಟರಿಯಲ್ಲಿ ಲೈನ್ ಲೀಡರ್‌ಗಳಲ್ಲಿ ಕೆಲವರನ್ನು ಸೂಪರ್‌ವೈಸರ್ ಮಾಡುತ್ತಾರಂತೆ. ಅದಕ್ಕೆ ಇಂಟರ್‌ವ್ಯೂ, ಅದೂ ಇಂಗ್ಲಿಷಿನಲ್ಲಿ. ಇಂಟರ್‌ವ್ಯೂಗೆ ಮೊದಲು ಶನಿವಾರ ಶನಿವಾರ ಕ್ಲಾಸು. ಬೆಂಗಳೂರಿನಿಂದ ಒಬ್ಬರು ಮೇಡಂ ಬರುತ್ತಾರೆ. ಒಳ್ಳೆಯವರು, ನಮ್ಮ ತಪ್ಪಿಗೆ ನಗುವುದಿಲ್ಲ, ನಾವೇ ನಕ್ಕರೆ ಕಾಯುತ್ತಾರೆ. ಈಗ ನಡೆಯುತ್ತಿರುವ ಪಾಠ, ಟೀಂವರ್ಕ್ ಬಗ್ಗೆ ಮಾತಾಡುವುದು ಹೇಗೆ. ಟೀಂವರ್ಕ್ ಮಾಡುವುದು ಹೇಗೆ ಅಲ್ಲ, ನೋಡ್ಕೋ. ಅದರ ಬಗ್ಗೆ ಮಾತಾಡುವುದು ಹೇಗೆ.

ಮೊದಮೊದಲು ನಗು ಬರುತ್ತಿತ್ತು. ನಮ್ಮ ಲೈನ್ ಹೇಗಿದೆ ಅಂತ ಗೊತ್ತಲ್ಲ ನಿನಗೆ. ಮುಳಬಾಗಿಲು ಕಡೆಯವರು ತೆಲುಗು, ಕೆಜಿಎಫ್‌ನಿಂದ ಬಸ್ಸಲ್ಲಿ ಬರುವವರು ತಮಿಳು, ಮಾಲೂರಿನವರು ಕನ್ನಡ ತೆಲುಗು ಎರಡನ್ನೂ ಕಲಸಿ ಆಡುತ್ತಾರೆ, ಒಡಿಶಾ ಜಾರ್ಖಂಡ್ ಹುಡುಗರದ್ದು ಹಿಂದಿ. ಮೆಷಿನ್ ಸದ್ದಿನಲ್ಲಿ ಯಾರ ಭಾಷೆಯೂ ಯಾರಿಗೂ ಕೇಳಿಸುವುದಿಲ್ಲ. ಆದರೂ ಪಕ್ಕದವನ ಕೈ ನಿಧಾನ ಆದರೆ ಮುಂದಿನವನಿಗೆ ಗೊತ್ತಾಗುತ್ತದೆ. ಹುಬ್ಬು ಏರಿಸಿದರೆ ಟ್ರಾಲಿ ಬರುತ್ತದೆ. ಒಬ್ಬ ಹುಡುಗನ ಮುಖ ಬಾಡಿದ್ದರೆ ಅವನ ಸ್ಟೇಷನ್ನಿನ ಪೀಸು ಇನ್ನೊಬ್ಬ ಸದ್ದಿಲ್ಲದೆ ಎಳೆದುಕೊಂಡಿರುತ್ತಾನೆ. ಇದನ್ನೆಲ್ಲ ಈಗ "ವಿ ಕಮ್ಯುನಿಕೇಟ್ ಎಫೆಕ್ಟಿವ್ಲಿ ಅಂಡ್ ಸಪೋರ್ಟ್ ಈಚ್ ಅದರ್" ಅನ್ನಬೇಕು. ಅಷ್ಟು ಹೇಳುವಷ್ಟರಲ್ಲಿ ಲೈನಿನಲ್ಲಿ ಎರಡು ಪೀಸು ಮುಂದೆ ಹೋಗಿರುತ್ತವೆ.

ಆದರೂ ಕಲಿಯುತ್ತಿದ್ದೇನೆ. ನಿನ್ನಾಣೆ, ಚೆನ್ನಾಗಿ ಕಲಿಯುತ್ತಿದ್ದೇನೆ. ಕೊಲಾಬರೇಟ್ ಅಂದರೆ ಮೊದಲು ವಿತ್ ಬರಬೇಕು, ಆಮೇಲೆ ಆನ್. ಯಾರ ಜೊತೆ, ಯಾವುದರ ಮೇಲೆ. ಕಾಂಟ್ರಿಬ್ಯೂಟ್‌ಗೆ ಟು, ರಿಲೈಗೆ ಆನ್. ಡಿಸ್ಕಸ್‌ಗೆ ಮಾತ್ರ ಏನೂ ಬೇಡ. ನಾವಿಬ್ಬರೂ ಇಷ್ಟು ದಿನ "ಡಿಸ್ಕಸ್ ಅಬೌಟ್" ಅಂದುಕೊಂಡೇ ಬದುಕಿದ್ದೇವೆ, ಆ ಅಬೌಟ್ ಪೂರ್ತಿ ವೇಸ್ಟು. "ರಿವರ್ಟ್ ಬ್ಯಾಕ್" ಬೇಡ, "ರಿಪ್ಲೈ" ಸಾಕು. "ಡೂ ದ ನೀಡ್‌ಫುಲ್" ಅಂದರೆ ಹೊರದೇಶದ ಕಸ್ಟಮರ್‌ಗೆ ತೀರಾ ಹಳೇ ಕಾಲದ್ದು ಅನಿಸುತ್ತದಂತೆ. "ನಮ್ಮ ಸಾಹೇಬರ ಮೇಲ್‌ಗಳೆಲ್ಲ ಮುಗಿಯುವುದೇ ಅದರಲ್ಲಿ ಮೇಡಂ" ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. ಮೇಡಂ ತಿರುಗಿ ಬೋರ್ಡ್ ಒರೆಸಿದರು.

ಇನ್ನು ಟಚ್ ಬೇಸ್, ಅಂದರೆ ಒಮ್ಮೆ ಮಾತಾಡಿಸುವುದು. ಸ್ಟೆಪ್ ಅಪ್ ಟು ದ ಪ್ಲೇಟ್, ಅಂದರೆ ಜವಾಬ್ದಾರಿ ಹೊರಲು ಮುಂದೆ ಬರುವುದು. ಎರಡೂ ಅಮೆರಿಕದ ಬೇಸ್‌ಬಾಲ್ ಆಟದ ಮಾತುಗಳು. ಬೇಸ್‌ಬಾಲ್ ಬ್ಯಾಟನ್ನು ನಾವು ನೋಡಿರುವುದು ಸಿನಿಮಾ ರೌಡಿಗಳ ಕೈಯಲ್ಲಿ ಮಾತ್ರ. ಪ್ಲೇಟ್ ಅಂದ ಕೂಡಲೇ ನನಗೆ ಕ್ಯಾಂಟೀನ್ ಕ್ಯೂ ನೆನಪಾಯಿತು. ಬ್ಯಾಂಡ್‌ವಿಡ್ತ್ ಇಲ್ಲ ಅಂದರೆ ಪುರುಸೊತ್ತಿಲ್ಲ ಅಂತ. ಇದೊಂದು ಇಷ್ಟ ಆಯಿತು. ಮನೆಯಲ್ಲಿ ರಾಗಿ ಮಿಲ್ಲಿಗೆ ಹೋಗು ಅಂದಾಗ ಹೇಳಿ ನೋಡಬೇಕು.

ಇಂಟರ್‌ವ್ಯೂನಲ್ಲಿ ಗ್ಯಾರಂಟಿ ಬರುವ ಪ್ರಶ್ನೆ, ನೀವು ಟೀಂನಲ್ಲಿ ಕೆಲಸ ಮಾಡಿದ ಒಂದು ಸಂದರ್ಭ ಹೇಳಿ ಅನ್ನೋದು. ಉತ್ತರ ಹೇಳುವುದಕ್ಕೂ ಒಂದು ಅಚ್ಚು ಇದೆ, ಸ್ಟಾರ್ ಅಂತ. ಎಸ್ ಅಂದರೆ ಸಿಚುಯೇಷನ್, ಟಿ ಅಂದರೆ ಟಾಸ್ಕ್, ಎ ಅಂದರೆ ಆಕ್ಷನ್, ಆರ್ ಅಂದರೆ ರಿಸಲ್ಟ್. ಯಾವ ಕಥೆಯನ್ನಾದರೂ ಇದರೊಳಗೆ ಬಡಿದು ಕೂರಿಸಬೇಕು. ಕೂತಮೇಲೆ ಇನ್ನೊಂದು ಕೆಲಸ. ಎಲ್ಲೆಲ್ಲಿ ವಿ ಅಂದಿದ್ದೀಯೋ ಅಲ್ಲೆಲ್ಲ ಐ ಮಾಡಬೇಕು. ಪ್ಯಾನೆಲ್‌ನವರಿಗೆ ನೀವು ಮಾಡಿದ್ದು ಬೇಕು, ನಿಮ್ಮ ಗುಂಪು ಮಾಡಿದ್ದಲ್ಲ, ಅಂದರು ಮೇಡಂ. ನಮ್ಮ ಪೇಂಟ್ ಶಾಪಿನ ಹಿರಿಯರೊಬ್ಬರು ಕೈ ಎತ್ತಿದರು. "ಟೀಂ ಬಗ್ಗೆ ಕೇಳ್ತಾರೆ, ನಾವು ನಾನು ನಾನು ಅಂತಿದ್ರೆ ಅದು ಟೀಂ ಹೆಂಗಾಗುತ್ತೆ ಮೇಡಂ?" ಮೇಡಂ ಸ್ವಲ್ಪ ಯೋಚಿಸಿ, "ಪ್ರಶ್ನೆ ಸರಿಯಾಗಿದೆ ಸರ್. ಮಾರ್ಕ್ಸ್ ಮಾತ್ರ ಐಗೇ ಬೀಳೋದು" ಅಂದರು. ಅದಕ್ಕೇ ಅವರು ನನಗೆ ಇಷ್ಟ.

ನೀನೂ 8ಡಿ ರಿಪೋರ್ಟ್ ಬರೆಯುತ್ತಿರಬೇಕು, ಅಲ್ವಾ? ಕಸ್ಟಮರ್ ಕಂಪ್ಲೇಂಟ್ ಬಂದಾಗ ಬರೆಯುವ ಅದೇ, ಒಂದೊಂದು ಡಿ ಅಂದರೆ ಒಂದೊಂದು ಹೆಜ್ಜೆ. 1987ರಲ್ಲಿ ಫೋರ್ಡ್‌ನವರು ಅದಕ್ಕೊಂದು ಕೈಪಿಡಿ ಮಾಡಿದರು, ಈಗ ವಾಹನದ ಪಾರ್ಟ್ಸ್ ಮಾಡುವವರೆಲ್ಲ ಅದರ ಹಿಂದೆಯೇ. ಅದರಲ್ಲಿ ಮೊದಲನೇ ಡಿ ಟೀಂ ಕಟ್ಟುವುದು. ಎಂಟನೇ ಡಿ ಏನು ಹೇಳು? ಟೀಂಗೆ ಶಹಬ್ಬಾಸ್ ಹೇಳುವುದು. ನಿಜವಾಗಿ ಹಾಗೇ ಇದೆ. ನಾವು ಎಂಟನೆಯದನ್ನು ಹಿಂದಿನ ರಿಪೋರ್ಟಿಂದ ಕಾಪಿ ಹೊಡೆದು ಅಂಟಿಸುತ್ತೇವೆ. ಎಂಟನೇ ಡಿ ಲೆಕ್ಕದಲ್ಲಿ ಇವತ್ತಿನವರೆಗೆ ನನಗೆ ಒಂದು ಬನ್ನು ಸಿಕ್ಕಿಲ್ಲ.

ಆಮೇಲೆ ಒಂದು ಶನಿವಾರ ಟಕ್ಮನ್ ಬಂದ. ಬ್ರೂಸ್ ಟಕ್ಮನ್, ಅಮೆರಿಕದವನು. ಯಾವ ಗುಂಪಾದರೂ ನಾಲ್ಕು ಹಂತ ದಾಟುತ್ತದೆ ಅಂತ 1965ರಲ್ಲಿ ಬರೆದ. ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್. ಮೊದಲು ಎಲ್ಲರೂ ಮರ್ಯಾದೆಯಿಂದ ಇರುತ್ತಾರೆ. ಆಮೇಲೆ ಕಿತ್ತಾಡುತ್ತಾರೆ. ಕಿತ್ತಾಡಿ ಸುಸ್ತಾಗಿ ಒಂದು ಪದ್ಧತಿಗೆ ಬರುತ್ತಾರೆ. ಆಮೇಲೆ ಕೆಲಸ ಸಾಗುತ್ತದೆ. 1977ರಲ್ಲಿ ಮೇರಿ ಆನ್ ಜೆನ್ಸನ್ ಅನ್ನುವವರ ಜೊತೆ ಸೇರಿ ಐದನೆಯದೊಂದು ಸೇರಿಸಿದ, ಅಡ್ಜರ್ನಿಂಗ್. ಅಂದರೆ ಗುಂಪು ಮುಗಿದು ಅವರವರ ದಾರಿ ಅವರವರಿಗೆ. ನಾವು ಅವಿಭಜಿತ ಕೋಲಾರದವರಿಗೆ ಇದು ಹೊಸದೇನಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಒಲೆ ಹೂಡಿತು, ನಂದಿ ಬೆಟ್ಟ ಅವರ ಪಾಲಿಗೆ ಹೋಯಿತು, 2001ರಲ್ಲೇ ಬಾಗಿಲು ಹಾಕಿದ ಚಿನ್ನದ ಗಣಿ ನಮ್ಮ ಪಾಲಿಗೆ ಉಳಿಯಿತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎರಡನೇ ಹಂತದ ಹತ್ತಿರ ನನ್ನ ಪೆನ್ನು ನಿಂತುಬಿಟ್ಟಿತ್ತು. ಮನೆಯ ವಿಷಯ ನಿನಗೆ ಫೋನಿನಲ್ಲಿ ಅರ್ಧ ಹೇಳಿದ್ದೆ. ಇನ್ನರ್ಧ ಇಲ್ಲಿ ಹೇಳುವುದಿಲ್ಲ ಅಂದುಕೊಂಡೇ ಬರೆಯೋಕೆ ಕೂತೆ.

ಯುಗಾದಿ ಆದಮೇಲೆ ನಾನೂ ಅಣ್ಣನೂ ಸರಿಯಾಗಿ ಮಾತಾಡಿಲ್ಲ. ಶುರುವಾಗಿದ್ದು ಗೇಟ್ ವಾಲ್‌ನಿಂದ. ಒಂದೇ ಬೋರು, 1,200 ಅಡಿ. ನೀರು ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಇಲ್ಲ. ಒಂದು ರಾತ್ರಿ ನನಗೆ ಹೇಳದೆ ವಾಲ್ ತಿರುಗಿಸಿ ಅವನ ಟೊಮೆಟೊ ನಾಟಿಗೆ ನೀರು ಬಿಟ್ಟುಕೊಂಡ, ನನ್ನ ಕ್ಯಾಪ್ಸಿಕಂ ಒಣಗಿತು. "ಬೋರಿನ ಸಾಲ ಕಟ್ತಿರೋದು ಯಾರು?" ಅಂದೆ. "ಬೋರಿನ ಹತ್ರ ಮಲಗೋದು ಯಾರು?" ಅಂದ. ಎರಡೂ ನಿಜ. ಎರಡೂ ನಿಜ ಆಗಿದ್ದರಿಂದಲೇ ಯಾರಿಗೂ ಹಿಂದೆ ಸರಿಯೋಕೆ ಜಾಗ ಇರಲಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ, ಕೆ.ಸಿ. ವ್ಯಾಲಿ ಅಂತ. ಅದು ಬೇಕೋ ಬೇಡವೋ ಅಂತ ಊರಲ್ಲಿ ದೊಡ್ಡ ಜಗಳ ಆದಾಗ ನಾವಿಬ್ಬರೂ ಒಂದೇ ಕಡೆ ನಿಂತಿದ್ದೆವು. ಮನೆಯ ಮೂರಿಂಚಿನ ಪೈಪಿಗೆ ಬಂದಾಗ ಆಗಲಿಲ್ಲ.

ಈಗ ಎಲ್ಲ ವ್ಯವಹಾರ ಅಮ್ಮನ ಮೂಲಕ. ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ರಿಜಿಸ್ಟರ್ ಇರುತ್ತಲ್ಲ, ನಮ್ಮಮ್ಮನೇ ಆ ರಿಜಿಸ್ಟರ್. ಸ್ಟಾರ್ಟರ್‌ನಲ್ಲಿ ಸುಟ್ಟ ವಾಸನೆ ಬರ್ತಿದೆಯಂತೆ ಅಂತ ಅಲ್ಲಿಂದ ಬರುತ್ತದೆ. ಮೆಕ್ಯಾನಿಕ್‌ಗೆ ಹೇಳಿದ್ದೀನಂತೆ ಅಂತ ಇಲ್ಲಿಂದ ಹೋಗುತ್ತದೆ. ಇಬ್ಬರೂ ಒಂದೇ ಜಗುಲಿಯಲ್ಲಿ ಕೂತಿರುತ್ತೇವೆ.

ಕ್ಲಾಸಿನಲ್ಲಿ ಅದೇ ಹೊತ್ತಿಗೆ ಬಂದಿದ್ದು ಭಿನ್ನಾಭಿಪ್ರಾಯ ಬಂದಾಗ ಮಾತಾಡುವ ಪಾಠ. "ನೀನು ಹೇಳಲಿಲ್ಲ" ಅಂತ ಯು ಇಂದ ಶುರು ಮಾಡಬಾರದು. ಐ ಇಂದ ಶುರು ಮಾಡಬೇಕು. ನನಗೆ ತಿಳಿಸದೆ ತೀರ್ಮಾನ ಆದಾಗ ನನ್ನನ್ನು ಬಿಟ್ಟ ಹಾಗೆ ಅನಿಸಿತು, ಯಾಕೆ ಹಾಗಾಯಿತು ಅಂತ ತಿಳಿಸ್ತೀರಾ, ಈ ಥರ. ಇದಕ್ಕೆ ಐ ಮೆಸೇಜ್ ಅಂತ ಹೆಸರಿಟ್ಟವನು ಥಾಮಸ್ ಗಾರ್ಡನ್ ಅನ್ನುವ ಮನಶ್ಶಾಸ್ತ್ರಜ್ಞ. ಅವನು 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತರಗತಿ ಶುರು ಮಾಡಿದ್ದು ಯಾರಿಗೆ ಗೊತ್ತಾ? ಮ್ಯಾನೇಜರ್‌ಗಳಿಗಲ್ಲ. ಮಕ್ಕಳ ಜೊತೆ ಜಗಳ ಆಡಿ ಸಾಕಾದ ಅಪ್ಪ ಅಮ್ಮಂದಿರಿಗೆ. ಮನೆಗೆ ಅಂತ ಶುರುವಾಗಿದ್ದು ಆಮೇಲೆ ಆಫೀಸಿಗೆ ಬಂತು. ನಾನು ಆಫೀಸಿನಲ್ಲಿ ಕಲಿತು ಮನೆಯ ಹೊಸ್ತಿಲಲ್ಲಿ ಚಪ್ಪಲಿ ಜೊತೆ ಬಿಟ್ಟು ಒಳಗೆ ಹೋಗುತ್ತಿದ್ದೆ.

ರೋಲ್ ಪ್ಲೇ ಮಾಡಬೇಕು. ನನ್ನ ಜೋಡಿ ಸ್ಟೋರ್ಸ್ ಹುಡುಗ. ಅವನು ಕಿರಿಕಿರಿ ಸಹೋದ್ಯೋಗಿ ಆಗಬೇಕು, ಆದರೆ ನನ್ನ ಮುಖ ನೋಡಿದ ಕೂಡಲೇ ನಗುತ್ತಾನೆ. ಪ್ರಾಕ್ಟೀಸ್ ಆಗಲೇ ಇಲ್ಲ. ಅದಕ್ಕೆ ರಾತ್ರಿ ಪಂಪ್ ಮನೆಯಲ್ಲಿ ಶುರು ಮಾಡಿದೆ. ಅದು ತ್ರೀ ಫೇಸ್ ರಾತ್ರಿ ಬರುವ ವಾರ. ಬಿ ಶಿಫ್ಟ್ ಮುಗಿಸಿ, ಉಂಡು, ಕರೆಂಟು ಬರುವವರೆಗೆ ಅಲ್ಲಿ ಕಾಯಬೇಕು. ಸ್ಟಾರ್ಟರ್ ಬಾಕ್ಸಿನ ಎದುರು ನಿಂತು, ಮೊಬೈಲ್ ಟಾರ್ಚ್ ಹಾಕಿಕೊಂಡು, ಗಟ್ಟಿಯಾಗಿ. ಐ ಸೀ ಯುವರ್ ಪಾಯಿಂಟ್. ಐ ಫೆಲ್ಟ್ ಲೆಫ್ಟ್ ಔಟ್. ಪ್ಲೀಸ್ ಹೆಲ್ಪ್ ಮಿ ಅಂಡರ್‌ಸ್ಟ್ಯಾಂಡ್. ಲೆಟ್ ಅಸ್ ಫೈಂಡ್ ಎ ಸೊಲ್ಯೂಷನ್ ಟುಗೆದರ್.

ಎದುರಿಗಿರುವ ಕಿರಿಕಿರಿ ಸಹೋದ್ಯೋಗಿ ಏನು ಹೇಳಬೇಕು? ನನಗೆ ಯಾವ ಸಹೋದ್ಯೋಗಿಯೂ ಹೊಳೆಯಲಿಲ್ಲ ಗುಂಡ. ಅಣ್ಣನ ಮಾತುಗಳನ್ನೇ ಹಾಕಿದೆ. ಅವನು ಅಂದಿದ್ದು, ಅನ್ನಬಹುದಾಗಿದ್ದು, ಅವನ ಗಂಟಲಿನಲ್ಲೇ. ಬೋರಿನ ಹತ್ರ ಮಲಗೋದು ಯಾರು ಅಂತ ಕನ್ನಡದಲ್ಲಿ ಅವನಾಗಿ ಕೇಳುವುದು, ಇಂಗ್ಲಿಷಿನಲ್ಲಿ ನಾನಾಗಿ ಉತ್ತರ ಕೊಡುವುದು. ಆಶ್ಚರ್ಯ ಏನು ಅಂದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ನಾನು ಎಷ್ಟು ಒಳ್ಳೆಯವನು ಅಂದರೆ, ನೀನು ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. "ಐ ಅಪ್ರಿಶಿಯೇಟ್ ಯುವರ್ ಎಫರ್ಟ್" ಅಂತ ಸ್ಟಾರ್ಟರ್ ಬಾಕ್ಸಿಗೆ ಹೇಳುವಾಗ ಗಂಟಲು ಕಟ್ಟಿತು. ಲೈನಿನಲ್ಲಿ ಹುಡುಗರಿಗೆ ದಿನಾ ಗುಡ್ ಜಾಬ್ ಅನ್ನುತ್ತೇನೆ. ಅಪ್ಪ ಹೋದಮೇಲೆ ಕಾಲೇಜು ಬಿಟ್ಟು ಹೊಲಕ್ಕೆ ಇಳಿದವನು ಅಣ್ಣ, ನನ್ನ ಡಿಪ್ಲೊಮಾ ಫೀಸು ಕಟ್ಟಿದವನು ಅಣ್ಣ. ಅವನಿಗೆ ನಾನು ಇವತ್ತಿನವರೆಗೆ ಚೆನ್ನಾಗಿದೆ ಅಂದಿರುವುದು ಒಂದು ಟೊಮೆಟೊ ಬಾಕ್ಸಿಗೆ ಮಾತ್ರ, ಅದೂ ಅವನಿಗಲ್ಲ, ಮಂಡಿಯವರಿಗೆ.

ಒಂದು ಬೆಳಿಗ್ಗೆ ಅಮ್ಮ ಮುದ್ದೆ ತಟ್ಟೆ ಮುಂದಿಟ್ಟು ನಿಂತೇ ಇದ್ದಳು. "ಕಂಪನಿಯಲ್ಲಿ ಏನಾದ್ರೂ ತೊಂದ್ರೆನೇನೋ?"

"ಯಾಕಮ್ಮ?"

"ನಿಮ್ಮಣ್ಣ ಕೇಳು ಅಂದ. ರಾತ್ರಿ ಪಂಪ್ ಮನೆಯಲ್ಲಿ ಯಾರಿಗೋ ಫೋನ್‌ನಲ್ಲಿ ಇಂಗ್ಲಿಷಲ್ಲಿ ಬೇಡ್ಕೊಳ್ತಾ ಇದ್ದೆಯಂತೆ. ದಿನಾ ಕೇಳಿಸುತ್ತಂತೆ."

ನನ್ನ ಬಾಯಿಗೆ ಮಾತು ಬರಲಿಲ್ಲ.

"ಕೆಲ್ಸ ಹೋದ್ರೆ ಹೋಗ್ಲಿ ಅನ್ನು ಅಂದ. ಟೊಮೆಟೊಗೆ ಕಡ್ಡಿ ನೆಟ್ಟು ದಾರ ಕಟ್ಟೋಕೆ ಆಳೇ ಸಿಗ್ತಿಲ್ಲವಂತೆ. ಸಾಲದ ವಿಷಯ ಆಮೇಲೆ ನೋಡ್ಕೊಳ್ಳೋಣ ಅಂದ."

ಆವತ್ತು ರಾತ್ರಿ ಪಂಪ್ ಮನೆಗೆ ಹೋದರೆ ಮೋಟಾರು ಆಗಲೇ ಓಡುತ್ತಿತ್ತು. ವಾಲ್ ನನ್ನ ಕಡೆಗೆ ತಿರುಗಿತ್ತು. ಅವನು ಟೊಮೆಟೊ ಬದುವಿನ ಮೇಲೆ ಕಂಬಳಿ ಹೊದ್ದು ಆ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದವನ ಮಲಗಿನ ಥರ ಇರಲಿಲ್ಲ. ನಾನು ವಾಪಸ್ ಬಂದೆ. ಮಾರನೇ ರಾತ್ರಿಯೂ ಅದೇ.

ಇಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದರೆ ಚೆಂದದ ಪತ್ರ ಆಗುತ್ತಿತ್ತು, ಓದಿದವರೆಲ್ಲ ಹಾರ್ಟ್ ಒತ್ತುತ್ತಿದ್ದರು. ಆದರೆ ವಿಷಯ ಅದಲ್ಲ. ವಿಷಯ ಏನೆಂದರೆ, ನನ್ನ ಕೆಲಸಕ್ಕೆ ಏನೂ ಆಗಿಲ್ಲ, ಅದು ಬರೀ ಪ್ರಾಕ್ಟೀಸು, ಅಂತ ನಾನು ಇನ್ನೂ ಅವನಿಗೆ ಹೇಳಿಲ್ಲ. ಅಮ್ಮನಿಗೂ ಹೇಳಿಲ್ಲ. ಅಮ್ಮ ಕೇಳಿದಾಗ "ನೋಡೋಣ" ಅಂದುಬಿಟ್ಟೆ. ಯಾಕೆ ಅಂತ ಕೇಳಬೇಡ. ಹೇಳಿದರೆ ಇದು ನಿಂತುಹೋಗುತ್ತದೆ ಅಂತ. ನನಗೆ ಕಷ್ಟ ಬಂದಿದೆ ಅಂದುಕೊಂಡಿರುವವರೆಗೆ ಮಾತ್ರ ಅವನು ವಾಲ್ ಈ ಕಡೆ ತಿರುಗಿಸುತ್ತಾನೆ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹಾಗಲ್ಲದೆಯೂ ಇರಬಹುದು. ಆದರೆ ಪರೀಕ್ಷೆ ಮಾಡಿ ನೋಡುವ ಧೈರ್ಯ ಇಲ್ಲ. ಮೊನ್ನೆ ಅತ್ತಿಗೆ ನನ್ನ ತಟ್ಟೆಗೆ ಕೇಳದೆ ಇನ್ನೊಂದು ಮೊಟ್ಟೆ ಹಾಕಿದರು. ಕೆಲಸ ಹೋಗಲಿರುವವನ ಮೊಟ್ಟೆ ಅದು. ತಿಂದೆ. ಚೆನ್ನಾಗಿಯೇ ಇತ್ತು.

ಇನ್ನೊಂದು. ಅಣ್ಣ ಇದನ್ನೆಲ್ಲ ಓದುವವನಲ್ಲ, ಆದರೆ ಅವನ ಮಗಳು ಓದುತ್ತಾಳೆ, ನಾನು ಹಾಕಿದ್ದಕ್ಕೆಲ್ಲ ಮೊದಲು ಲೈಕ್ ಒತ್ತುವುದು ಅವಳೇ. ಅದು ಗೊತ್ತಿದ್ದೂ ಇಲ್ಲಿ ಬರೆಯುತ್ತಿದ್ದೇನೆ. ಆದ್ದರಿಂದ ಇದು ನಿನಗೆ ಬರೆದ ಪತ್ರ ಹೌದೋ ಅಲ್ಲವೋ ಅಂತ ನೀನು ಕೇಳಿದರೆ, ಸಾರ್, ಐ ವಿಲ್ ಸರ್ಕಲ್ ಬ್ಯಾಕ್ ಟು ಯು.

ಥೂ. ಎಲ್ಲಿಂದ ಎಲ್ಲಿಗೆ ಬಂದೆ. ಬಿಡು, ಬಿಸಿಲು ಜಾಸ್ತಿ, ತಲೆಗೆ ಹತ್ತಿರಬೇಕು. ನಿನ್ನ ಹತ್ತಿರ ನಿಜವಾಗಿ ಕೇಳಬೇಕಿದ್ದ ವಿಷಯ ಬೇರೆ.

ಬುಧವಾರ ಇಂಟರ್‌ವ್ಯೂ. ಟೀಂ ಕಥೆ ಒಂದು ಬೇಕು, ಸ್ಟಾರ್ ಅಚ್ಚಿಗೆ ಕೂರುವಂಥದ್ದು. ಬೋರಿನ ಕಥೆಗೆ ಎಸ್ ಇದೆ, ಟಿ ಇದೆ, ಎ ಅಂತೂ ಸ್ಟಾರ್ಟರ್ ಬಾಕ್ಸಿನ ಎದುರು ಬೇಕಾದಷ್ಟು ಇದೆ. ಆರ್ ಇಲ್ಲ. ಮೇಡಂಗೆ ಹೆಸರು ಬದಲಿಸಿ ಹೇಳಿ ನೋಡಿದೆ, "ರಿಸಲ್ಟ್ ಏನಾಯ್ತು?" ಅಂದರು, "ಪೆಂಡಿಂಗ್ ಮೇಡಂ" ಅಂದೆ. "ಪೆಂಡಿಂಗ್ ಇರೋದನ್ನ ಪ್ಯಾನೆಲ್ ಮುಂದೆ ಹೇಳಬೇಡಿ" ಅಂದರು. ಹಾಗಾಗಿ ನಮ್ಮ ಹಾಸ್ಟೆಲ್ ನೀರಿನ ಡ್ರಮ್ಮಿನ ಕಥೆ ಹೇಳೋಣ ಅಂತಿದ್ದೇನೆ. ರಾತ್ರೋರಾತ್ರಿ ಮೂರನೇ ಮಹಡಿಗೆ ಡ್ರಮ್ ಏರಿಸಿದ್ದು. ಪ್ಲಾನಿಂಗ್ ಇದೆ, ರಿಸೋರ್ಸ್ ಇದೆ, ರಿಸ್ಕ್ ಇದೆ, ವಾರ್ಡನ್ ಅನ್ನುವ ಸ್ಟೇಕ್‌ಹೋಲ್ಡರ್ ಇದ್ದಾನೆ. ರಿಸಲ್ಟೂ ಇದೆ, ಎಲ್ಲರೂ ಸ್ನಾನ ಮಾಡಿ ಪರೀಕ್ಷೆಗೆ ಹೋದೆವು, ನಿನ್ನೊಬ್ಬನನ್ನು ಬಿಟ್ಟು.

ತೊಂದರೆ ಒಂದೇ. ಎಲ್ಲ ಐ ಆಗಬೇಕಲ್ಲ, ಅಂದರೆ ನೀನು ಕಥೆಯಲ್ಲಿ ಇರುವುದಿಲ್ಲ. ಹಗ್ಗ ತಂದಿದ್ದು ನಾನು, ಗಂಟು ಹಾಕಿದ್ದು ನಾನು, ಮೆಟ್ಟಿಲ ಮೇಲೆ ಜಾರಿದ ಡ್ರಮ್ಮನ್ನು ಬೆನ್ನಲ್ಲಿ ತಡೆದಿದ್ದೂ ನಾನೇ ಆಗಬೇಕು. ಬೆನ್ನು ಯಾರದ್ದು ಅಂತ ನಮಗಿಬ್ಬರಿಗೆ ಗೊತ್ತು. ಪ್ಯಾನೆಲ್‌ಗೆ ಗೊತ್ತಾಗುವುದು ಬೇಡ. ಒಪ್ಪಿಗೆ ಇದ್ದರೆ ಹೇಳು. ನೀನು ಕೊಡಬೇಕಿರುವ ಪೆಟ್ರೋಲ್ ದುಡ್ಡಿಗೆ ವಜಾ ಹಾಕಿಕೊಳ್ಳೋಣ. ಒಪ್ಪಿಗೆ ಇಲ್ಲದಿದ್ದರೂ ಹೇಳಿಯೇ ಹೇಳುತ್ತೇನೆ, ಮರ್ಯಾದೆಗೆ ಕೇಳಿದೆ ಅಷ್ಟೆ.

ಮಂಗಳವಾರ ರಾತ್ರಿಯೊಳಗೆ ಮೆಸೇಜ್ ಹಾಕು. ಫೋನ್ ಮಾಡಬೇಡ, ಬಿ ಶಿಫ್ಟ್. ಮಾಡಲೇಬೇಕು ಅನಿಸಿದರೆ ಹನ್ನೊಂದರ ಮೇಲೆ ಮಾಡು, ಕನ್ನಡದಲ್ಲೇ ಮಾತಾಡು, ಪಂಪ್ ಮನೆಯಲ್ಲಿದ್ದರೆ ಮಾತ್ರ ನಾನು ಇಂಗ್ಲಿಷಿನಲ್ಲಿ ಸ್ವಲ್ಪ ಅಳುವ ಧ್ವನಿ ತೆಗೆಯಬೇಕಾಗುತ್ತದೆ, ಗಾಬರಿ ಆಗಬೇಡ.

ನಿನ್ನ ಬೆಂಚಿನವನು